ಕೈಗೆ ಒಂದು ಕೆಲಸ, ಕಾಲಿಗೆ ಇನ್ನೊಂದು: ಗಸ್ಟ್ ತುಂಬಿದ ಅಡ್ಡಗಾಳಿಯಲ್ಲಿ ಪುಟ್ಟ ವಿಮಾನ ಇಳಿಸುವುದು

ಅಡ್ಡಗಾಳಿಯಲ್ಲಿ ಇಳಿಯುವ ವಿಮಾನಕ್ಕೆ ಎರಡು ತೊಂದರೆಗಳು ಒಟ್ಟಿಗೇ ಇರುತ್ತವೆ. ಗಾಳಿ ಅದನ್ನು ರನ್‌ವೇಯಿಂದ ಪಕ್ಕಕ್ಕೆ ತಳ್ಳುತ್ತಿರುತ್ತದೆ. ಅದರ ಮೂಗು ರನ್‌ವೇಯ ದಿಕ್ಕಿಗೆ ನೆಟ್ಟಗಿರುವುದಿಲ್ಲ. ನೋಡುವುದಕ್ಕೆ ಎರಡೂ ಒಂದೇ ಥರ ಕಂಡರೂ ಮದ್ದು ಬೇರೆ ಬೇರೆ. ಪಕ್ಕಕ್ಕೆ ಸರಿಯುವುದನ್ನು ತಡೆಯುವುದು ಏಲಿರಾನ್ (ರೆಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ), ಅಂದರೆ ಕೈಯ ಕೆಲಸ. ಮೂಗನ್ನು ನೇರ ಇಡುವುದು ರಡ್ಡರ್ (ಬಾಲದ ಚುಕ್ಕಾಣಿ), ಅಂದರೆ ಕಾಲಿನ ಕೆಲಸ. ಇವೆರಡನ್ನು ಅದಲುಬದಲು ಮಾಡಿಕೊಂಡಾಗಲೇ ಲ್ಯಾಂಡಿಂಗ್ ಕೆಡುವುದು. ವಿಮಾನ ಬಲಕ್ಕೆ ಸರಿಯುತ್ತಿದೆ ಎಂದು ಎಡ ಪೆಡಲ್ ತುಳಿದರೆ ಮೂಗು ಎಡಕ್ಕೆ ತಿರುಗುತ್ತದೆ, ಸರಿಯುವುದು ಒಂದೆರಡು ಸೆಕೆಂಡ್ ನಿಂತಂತೆ ಕಾಣುತ್ತದೆ, ಚಕ್ರ ನೆಲ ಮುಟ್ಟುವ ಹೊತ್ತಿಗೆ ಮಾತ್ರ ವಿಮಾನ ಓರೆಯಾಗಿರುತ್ತದೆ. ಸಮನಾಗಿ ಬೀಸುವ ಗಾಳಿಯಲ್ಲಿ ಈ ತಪ್ಪು ಹೇಗೋ ಮಾಫಿಯಾಗಬಹುದು. ಗಸ್ಟ್, ಅಂದರೆ ಹಠಾತ್ತನೆ ಎದ್ದು ತಗ್ಗುವ ಗಾಳಿಯ ಹೊಡೆತ, ಇರುವ ದಿನ ಆಗುವುದಿಲ್ಲ, ಯಾಕೆಂದರೆ ಆವತ್ತು ಕೈಕಾಲುಗಳೆರಡೂ ಸೆಕೆಂಡಿಗೊಮ್ಮೆ ಹೊಸ ಲೆಕ್ಕ ಹಾಕುತ್ತಿರಬೇಕು.

ಮುಂದೆ ಹೇಳುವುದೆಲ್ಲ ಮೂಗಿನಡಿ ಚಕ್ರವಿರುವ, ಒಂಟಿ ಎಂಜಿನ್‌ನ ತರಬೇತಿ ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಸೆಸ್ನಾ 172, ಪೈಪರ್ ವಾರಿಯರ್‌ನಂಥವು. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯೇ ಸರಿ. ಮತ್ತು ಇದನ್ನು ಓದಿ ಕಲಿಯಲಾಗದು. ಮೊದಲ ಹತ್ತಾರು ಸಲ ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್ ಇರಲೇಬೇಕು.

ಮೊದಲ ಕೆಲಸ ಲೆಕ್ಕ, ಅದೂ ಹೊರಡುವ ಮುಂಚೆ. ಗಾಳಿ ರನ್‌ವೇಗೆ ಎಷ್ಟು ಡಿಗ್ರಿ ಓರೆಯಾಗಿದೆ ನೋಡಿ. 30 ಡಿಗ್ರಿಯಾದರೆ ಗಾಳಿಯ ವೇಗದ ಅರ್ಧ ಪಾಲು ಅಡ್ಡಗಾಳಿ. 45 ಆದರೆ ಸುಮಾರು ಮುಕ್ಕಾಲು. 60 ದಾಟಿದರೆ ಪೂರ್ತಿ ಅಡ್ಡಗಾಳಿ ಎಂದೇ ಹಿಡಿಯಿರಿ. ಗಡಿಯಾರ ನೆನಪಿಟ್ಟರೆ ಸಾಕು: 15 ನಿಮಿಷ ಕಾಲು ಗಂಟೆ, 30 ಅರ್ಧ, 45 ಮುಕ್ಕಾಲು, 60 ಪೂರ್ತಿ.

ಒಂದು ಉದಾಹರಣೆ ಹಿಡಿದುಕೊಳ್ಳೋಣ, ಗಾಳಿಯ ಲೆಕ್ಕಗಳಿಗೆಲ್ಲ ಇದೇ ಇರಲಿ. ರನ್‌ವೇ 27, ಅಂದರೆ 270 ಡಿಗ್ರಿ ದಿಕ್ಕಿನದು. ಗಾಳಿ 330 ಡಿಗ್ರಿಯಿಂದ 14 ನಾಟ್ (ಒಂದು ನಾಟ್ ಗಂಟೆಗೆ ಸುಮಾರು 1.85 ಕಿ.ಮೀ.), ಗಸ್ಟ್ 24. ಓರೆ 60 ಡಿಗ್ರಿ; ಗಡಿಯಾರದ ಲೆಕ್ಕ ಇದನ್ನು ಪೂರ್ತಿ ಎನ್ನುತ್ತದೆ, ನಿಖರ ಲೆಕ್ಕದಲ್ಲಿ ಸುಮಾರು 0.87 ಪಾಲು. 14ನ್ನು ಮಾತ್ರ ನೋಡಿದರೆ ಅಡ್ಡಗಾಳಿ ಸುಮಾರು 12 ನಾಟ್, ಆರಾಮ ಅನ್ನಿಸುತ್ತದೆ. 24ಕ್ಕೆ ಲೆಕ್ಕ ಹಾಕಿದರೆ 21. ಈ ಎರಡು ಸಂಖ್ಯೆಗಳ ನಡುವೆ ಒಂದು ಇಡೀ ತೀರ್ಮಾನ ಅಡಗಿದೆ. ನಿಮ್ಮ ಚಕ್ರ ನೆಲ ಮುಟ್ಟುವುದು ಗಾಳಿ ತಗ್ಗಿದಾಗಲೋ ಎದ್ದಾಗಲೋ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಯಾವಾಗಲೂ ಗಸ್ಟ್‌ನ ಸಂಖ್ಯೆಗೇ ಲೆಕ್ಕ ಹಾಕಬೇಕು, ಸರಾಸರಿಗಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಹಲವರು ಮರೆಯುವಂಥದ್ದು. ಮೆಟಾರ್ (ಈಗಿನ ಹವೆ), ಟಾಫ್ (ಹವಾ ಮುನ್ಸೂಚನೆ) ವರದಿಗಳಲ್ಲಿ ಬರುವ ಗಾಳಿಯ ದಿಕ್ಕು ನಿಜ ಉತ್ತರದಿಂದ ಅಳೆದದ್ದು. ರನ್‌ವೇ ಸಂಖ್ಯೆ ಕಾಂತೀಯ ಉತ್ತರದಿಂದ ಅಳೆದದ್ದು, ಟವರ್ ಬಾಯಲ್ಲಿ ಹೇಳುವ ಗಾಳಿಯೂ ಹಾಗೆಯೇ. ಎರಡು ಉತ್ತರಗಳ ನಡುವೆ 10–15 ಡಿಗ್ರಿ ಅಂತರವಿರುವ ಜಾಗದಲ್ಲಿ ಇದನ್ನು ಮರೆತರೆ ಅಡ್ಡಗಾಳಿಯ ಲೆಕ್ಕ ಹಲವು ನಾಟ್ ತಪ್ಪುತ್ತದೆ.

ಈಗ 21 ನಾಟ್‌ಗೆ ಏನು ಅರ್ಥ? ಸೆಸ್ನಾ 172ರ ಕೈಪಿಡಿಯಲ್ಲಿ ತೋರಿಸಿಕೊಟ್ಟ ಗರಿಷ್ಠ ಅಡ್ಡಗಾಳಿ 15 ನಾಟ್, ವಾರಿಯರ್‌ನದು 17. ಇದು ಮೀರಬಾರದ ಮಿತಿಯಲ್ಲ. ಪ್ರಮಾಣೀಕರಣದ ಹಾರಾಟಗಳಲ್ಲಿ ಕಂಪನಿಯ ಪೈಲಟ್ ಇಳಿಸಿ ತೋರಿಸಿದ ಸಂಖ್ಯೆ. ಪುಟ್ಟ ವಿಮಾನಗಳಿಗಿದ್ದ ಅಮೆರಿಕದ ಹಳೆಯ ಭಾಗ 23 ನಿಯಮ ಕೇಳುತ್ತಿದ್ದದ್ದು ಲ್ಯಾಂಡಿಂಗ್ ಸ್ಥಿತಿಯ ಸ್ಟಾಲ್ ವೇಗದ (ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ವೇಗ) ಐದರಲ್ಲಿ ಒಂದು ಪಾಲು ಅಡ್ಡಗಾಳಿಯನ್ನು ವಿಮಾನ ನಿಭಾಯಿಸಬೇಕು ಎಂದಷ್ಟೆ. ಹಾಗಾಗಿ 16 ನಾಟ್‌ಗೆ ವಿಮಾನವೇನೂ ಮುರಿದು ಬೀಳುವುದಿಲ್ಲ ಎಂಬ ವಾದ ಅಕ್ಷರಶಃ ಸರಿ. ಆದರೆ ಅಲ್ಲಿಂದಾಚೆಗೆ ಯಾರ ಅಳತೆಯೂ ನಿಮ್ಮ ಜೊತೆಗಿಲ್ಲ, ನೀವು ವೃತ್ತಿಯ ಪರೀಕ್ಷಾ ಪೈಲಟ್ ಅಲ್ಲ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ನನ್ನ ಸಲಹೆ: ಗಸ್ಟ್ ಸೇರಿ 8 ನಾಟ್ ಅಡ್ಡಗಾಳಿ, ಗಾಳಿಯ ಏರಿಳಿತ 10 ನಾಟ್‌ಗಿಂತ ಕಡಿಮೆ, ಅದಕ್ಕಿಂತ ಮೇಲೆ ಒಬ್ಬರೇ ಹೋಗಬೇಡಿ. ಅಭ್ಯಾಸವಾದಂತೆ ಒಂದೆರಡು ನಾಟ್ ಏರಿಸುತ್ತ ಬನ್ನಿ. ಮೂರು ತಿಂಗಳು ಹಾರದೇ ಇದ್ದರೆ ಮತ್ತೆ ಇಳಿಸಿ.

ನಮ್ಮ ಉದಾಹರಣೆಯಲ್ಲಿ ಅದೇ ಏರ್‌ಫೀಲ್ಡಿನಲ್ಲಿ ರನ್‌ವೇ 36 ಇದ್ದರೆ ಓರೆ 30 ಡಿಗ್ರಿಗೆ ಇಳಿಯುತ್ತದೆ, ಗಸ್ಟ್‌ನಲ್ಲೂ ಅಡ್ಡಗಾಳಿ 12 ನಾಟ್. ರನ್‌ವೇ ಸ್ವಲ್ಪ ಚಿಕ್ಕದಾದರೂ ಅದನ್ನೇ ಕೇಳಿ ಪಡೆಯಿರಿ. ಹೊಸ ಏರ್‌ಫೀಲ್ಡ್ ಕಟ್ಟುವಾಗಲೇ ಈ ಲೆಕ್ಕ ಶುರುವಾಗಿರುತ್ತದೆ: 1200 ಮೀಟರ್‌ಗಿಂತ ಚಿಕ್ಕ ರನ್‌ವೇ ಸಾಕಾಗುವ ವಿಮಾನಗಳಿಗೆ ಅಡ್ಡಗಾಳಿ 10 ನಾಟ್ ದಾಟಿದರೆ ಆ ರನ್‌ವೇ ಕೆಲಸಕ್ಕೆ ಬಾರದು ಎಂದೇ ಇಕಾವೋ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಲೆಕ್ಕ ಹಿಡಿಯುತ್ತದೆ, ಮತ್ತು ನೂರಕ್ಕೆ 95 ಹೊತ್ತು ಬಳಸಲು ಬರುವ ಹಾಗೆ ರನ್‌ವೇಗಳ ದಿಕ್ಕು, ಸಂಖ್ಯೆ ಇರಬೇಕು ಎನ್ನುತ್ತದೆ. ಉಳಿದ ಹೊತ್ತಿಗೆ ಬೇರೆ ಏರ್‌ಫೀಲ್ಡ್ ಬೇಕು, ಅಲ್ಲಿಗೆ ಹೋಗುವಷ್ಟು ಇಂಧನವೂ ಬೇಕು. ಅಡ್ಡಗಾಳಿಯ ದಿನ ಟ್ಯಾಂಕಿನಲ್ಲಿ ಒಂದು ಗಂಟೆಯ ಹೆಚ್ಚುವರಿ ಇದ್ದರೆ ತೀರ್ಮಾನ ತಾನಾಗಿ ಒಳ್ಳೆಯದಾಗುತ್ತದೆ.

ವೇಗಕ್ಕೆ ಬರೋಣ. ಗಸ್ಟ್‌ನ ನಿಜವಾದ ಅಪಾಯ ಗಾಳಿ ಎದ್ದಾಗ ಇರುವುದಿಲ್ಲ, ಬಿದ್ದಾಗ ಇರುತ್ತದೆ. ವಿಮಾನಕ್ಕೆ ತೂಕವಿದೆ, ಅದರ ನೆಲವೇಗ ತಟ್ಟನೆ ಬದಲಾಗುವುದಿಲ್ಲ. ಎದುರಿನಿಂದ ಬರುತ್ತಿದ್ದ ಗಾಳಿ ಹಠಾತ್ತನೆ 10 ನಾಟ್ ತಗ್ಗಿದರೆ ರೆಕ್ಕೆಯ ಮೇಲೆ ಹರಿಯುವ ಗಾಳಿಯೂ ಅಷ್ಟೇ ತಗ್ಗುತ್ತದೆ, ಸ್ಪೀಡ್ ಮುಳ್ಳು ಬೀಳುತ್ತದೆ, ವಿಮಾನ ಕುಸಿಯುತ್ತದೆ. ಇದಕ್ಕೆ ಎಲ್ಲರೂ ಬಳಸುವ ಲೆಕ್ಕವೆಂದರೆ ಗಸ್ಟ್ ಮತ್ತು ಸರಾಸರಿಯ ನಡುವಿನ ಅಂತರದ ಅರ್ಧವನ್ನು ಅಪ್ರೋಚ್ ವೇಗಕ್ಕೆ, ಅಂದರೆ ಇಳಿಯಲು ಬರುವ ವೇಗಕ್ಕೆ, ಸೇರಿಸುವುದು. 24 ಮತ್ತು 14ರ ಅಂತರ 10, ಅರ್ಧ 5. 65 ನಾಟ್‌ನಲ್ಲಿ ಬರುವ 172 ಈಗ 70ರಲ್ಲಿ ಬರಬೇಕು.

ಅರ್ಧವೇ ಯಾಕೆ, ಪೂರ್ತಿ ಯಾಕಲ್ಲ? ಹೆಚ್ಚು ವೇಗಕ್ಕೂ ಬೆಲೆ ತೆರಬೇಕಾಗುತ್ತದೆ. ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ: 60ರ ಬದಲು 70 ನಾಟ್‌ನಲ್ಲಿ ನೆಲ ಮುಟ್ಟಿದರೆ ಬ್ರೇಕು, ಟೈರುಗಳು ತಿನ್ನಬೇಕಾದ ಶಕ್ತಿ ನೂರಕ್ಕೆ 36ರಷ್ಟು ಹೆಚ್ಚು. ಅದಕ್ಕಿಂತ ಕೆಟ್ಟದ್ದು ತೇಲುವುದು. ವೇಗ ಜಾಸ್ತಿಯಿದ್ದ ವಿಮಾನ ನೆಲದಿಂದ ಎರಡಡಿ ಮೇಲೆ ರನ್‌ವೇ ಉದ್ದಕ್ಕೂ ತೇಲುತ್ತ ಹೋಗುತ್ತದೆ, ಅಲ್ಲಿ ಕಳೆಯುವ ಪ್ರತಿ ಸೆಕೆಂಡೂ ಇನ್ನೊಂದು ಗಸ್ಟ್‌ಗೆ ಅವಕಾಶ. ಪೂರ್ತಿ ತೂಕದಲ್ಲಿ, ಫ್ಲ್ಯಾಪ್ (ಎತ್ತುವ ಬಲ ಹೆಚ್ಚಿಸಲು ರೆಕ್ಕೆಯ ಹಿಂದಂಚಿನಲ್ಲಿ ಇಳಿಸುವ ಪಟ್ಟಿ) ಪೂರ್ತಿ ಇಳಿಸಿದಾಗ 172ಎಸ್‌ನ ಸ್ಟಾಲ್ ವೇಗ, ಮುಳ್ಳಿನ ದೋಷ ತಿದ್ದಿದ ಕ್ಯಾಲಿಬ್ರೇಟೆಡ್ ಲೆಕ್ಕದಲ್ಲಿ, 48 ನಾಟ್. 70ರಲ್ಲಿ ಬರುವಾಗ 10 ನಾಟ್ ಹಠಾತ್ತನೆ ಕಳೆದುಕೊಂಡರೂ ಕೈಯಲ್ಲಿ ಅಂತರ ಉಳಿದಿರುತ್ತದೆ. 80ರಲ್ಲಿ ಬರುವುದು ಭಯದ ಲೆಕ್ಕವೇ ಹೊರತು ಗಾಳಿಯ ಲೆಕ್ಕವಲ್ಲ.

ಫ್ಲ್ಯಾಪ್ ಎಷ್ಟು? ರನ್‌ವೇ ಉದ್ದ ಒಪ್ಪುವಷ್ಟು ಕಡಿಮೆ. 172ರ ಕೈಪಿಡಿಯೂ ಬಲವಾದ ಅಡ್ಡಗಾಳಿಗೆ ಇದನ್ನೇ ಹೇಳುತ್ತದೆ. ಫ್ಲ್ಯಾಪ್ ಪೂರ್ತಿ ಇಳಿದಿದ್ದರೆ ನೆಲ ಮುಟ್ಟಿದ ಮೇಲೂ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುತ್ತಿರುತ್ತದೆ, ಚಕ್ರಗಳ ಮೇಲೆ ಭಾರ ಬೇಗ ಬೀಳುವುದಿಲ್ಲ. ಗೋ-ಅರೌಂಡ್‌ನಲ್ಲೂ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವಾಗಲೂ, ಹೆಚ್ಚು ಎಳೆತ. 172ಎಸ್‌ನಲ್ಲಿ 20 ಡಿಗ್ರಿಗಿಂತ ಹೆಚ್ಚು ಫ್ಲ್ಯಾಪ್ ಇಟ್ಟು ಕಡಿದಾದ ಸ್ಲಿಪ್ (ರೆಕ್ಕೆ ಒಂದು ಕಡೆ ವಾಲಿಸಿ, ರಡ್ಡರ್ ಇನ್ನೊಂದು ಕಡೆ ಒತ್ತಿ ಹಾರುವುದು) ಮಾಡಬೇಡಿ ಎಂಬ ಎಚ್ಚರಿಕೆಯೂ ಇದೆ, ಕೆಲವು ಸಂದರ್ಭದಲ್ಲಿ ಎಲಿವೇಟರ್ (ಮೂಗು ಏರಿಳಿಸುವ ಬಾಲದ ಪಟ್ಟಿ) ತುಸು ಅಲುಗಾಡಬಹುದು ಎಂಬ ಕಾರಣಕ್ಕೆ. ಗಸ್ಟ್ ಇರುವ ದಿನ ನನ್ನ ಆಯ್ಕೆ 10 ಅಥವಾ 20 ಡಿಗ್ರಿ.

ಸರ್ಕ್ಯೂಟ್‌ನಲ್ಲೇ, ಅಂದರೆ ಇಳಿಯುವ ಮುನ್ನ ರನ್‌ವೇ ಪಕ್ಕ ಹಾಕುವ ಆಯತಾಕಾರದ ಸುತ್ತಿನಲ್ಲೇ, ಗಾಳಿ ತನ್ನ ಆಟ ಶುರುಮಾಡುತ್ತದೆ. ಎಡ ಸರ್ಕ್ಯೂಟ್ ಹಾರುತ್ತಿದ್ದೀರಿ, ಅಡ್ಡಗಾಳಿ ರನ್‌ವೇಯ ಎಡದಿಂದ ಎಂದುಕೊಳ್ಳಿ. ಬೇಸ್ ಲೆಗ್‌ನಲ್ಲಿ (ರನ್‌ವೇಯ ದಿಕ್ಕಿಗೆ ಅಡ್ಡವಾಗಿ ಹಾರುವ ಭಾಗ) ಅದೇ ಗಾಳಿ ಬೆನ್ನಿಗೆ ಬರುತ್ತದೆ. ನೆಲವೇಗ ಏರುತ್ತದೆ, ಫೈನಲ್‌ಗೆ (ರನ್‌ವೇಗೆ ನೇರವಾಗಿ ಬರುವ ಕೊನೆಯ ಭಾಗ) ತಿರುಗುವಷ್ಟರಲ್ಲಿ ಸೆಂಟರ್‌ಲೈನ್ ದಾಟಿರುತ್ತೀರಿ. ಈಗ ಬರುವ ಚಪಲವೇ ಪುಟ್ಟ ವಿಮಾನಗಳ ಹಳೆಯ ಶತ್ರು: ರೆಕ್ಕೆ ಇನ್ನಷ್ಟು ವಾಲಿಸಲು ಹೆದರಿ ಒಳಗಿನ ರಡ್ಡರ್ ತುಳಿದು ಮೂಗನ್ನು ಎಳೆಯುವುದು, ಮೂಗು ಕೆಳಗೆ ಬಿತ್ತೆಂದು ಯೋಕ್ (ಕೈಯಲ್ಲಿ ಹಿಡಿಯುವ ಚಾಲನೆಯ ಹಿಡಿಕೆ) ಹಿಂದಕ್ಕೆ ಎಳೆಯುವುದು. ಆ ಎತ್ತರದಲ್ಲಿ ಅದು ಸ್ಪಿನ್‌ಗೆ (ಸುತ್ತುತ್ತ ಬೀಳುವುದಕ್ಕೆ) ನೇರ ದಾರಿ, ಸರಿಪಡಿಸಲು ಆಕಾಶ ಉಳಿದಿರುವುದಿಲ್ಲ. 45 ಡಿಗ್ರಿ ವಾಲಿಸಿದ ಸಮತಲ ತಿರುವಿನಲ್ಲಿ ಸ್ಟಾಲ್ ವೇಗ ನೂರಕ್ಕೆ 19 ಏರುತ್ತದೆ. 30 ಡಿಗ್ರಿಯಲ್ಲಿ ಏರಿಕೆ ಬರೀ 7. ಅದಕ್ಕೇ 30 ಡಿಗ್ರಿಯ ಗೆರೆ ಎಳೆದುಕೊಳ್ಳಬೇಕು. ಬೇಸ್‌ನಲ್ಲಿ ಬೆನ್ನುಗಾಳಿ ಇದೆ ಎಂದು ಗೊತ್ತಿದ್ದರೆ ಡೌನ್‌ವಿಂಡ್ ಲೆಗ್ (ರನ್‌ವೇಗೆ ಸಮಾನಾಂತರವಾಗಿ ವಿರುದ್ಧ ದಿಕ್ಕಿಗೆ ಹಾರುವ ಭಾಗ) ರನ್‌ವೇಯಿಂದ ದೂರವಿಡಿ, ಫೈನಲ್‌ಗೆ ಬೇಗ ತಿರುಗಲು ಶುರುಮಾಡಿ. ದಾಟಿಹೋದರೆ ಹೋಗಲಿ, ಮೇಲೇರಿ ಇನ್ನೊಂದು ಸುತ್ತು ಬನ್ನಿ.

ಫೈನಲ್‌ಗೆ ಬಂದಾಯಿತು. ಹೊಳೆ ದಾಟುವ ಅಂಬಿಗ ದೋಣಿಯ ಮೂತಿಯನ್ನು ಸೇರಬೇಕಾದ ಕಟ್ಟೆಗೇ ನೆಡುವುದಿಲ್ಲ. ಹರಿವಿನ ಎದುರಿಗೆ ಸ್ವಲ್ಪ ತಿರುಗಿಸಿಟ್ಟು, ಓರೆಯಾಗಿಯೇ ನೇರ ದಾಟುತ್ತಾನೆ. ವಿಮಾನಕ್ಕೂ ಇದೇ ಮೊದಲ ವಿಧಾನ, ಹೆಸರು ಕ್ರ್ಯಾಬ್. ಏಡಿಯ ನಡಿಗೆ. ರೆಕ್ಕೆ ಸಮನಾಗಿರುತ್ತದೆ, ಸ್ಲಿಪ್ ತೋರಿಸುವ ಮಾಪಕದ ಬಾಲ್ ನಡುವಿನಲ್ಲಿರುತ್ತದೆ, ಮೂಗು ಗಾಳಿಯ ಕಡೆ ತಿರುಗಿರುತ್ತದೆ, ವಿಮಾನ ಸೆಂಟರ್‌ಲೈನ್ ಮೇಲೇ ಬರುತ್ತದೆ. ಎಷ್ಟು ಡಿಗ್ರಿ ಎಂಬುದಕ್ಕೆ ಸುಲಭ ಲೆಕ್ಕ: 60ನ್ನು ವೇಗದಿಂದ ಭಾಗಿಸಿ ಅಡ್ಡಗಾಳಿಯಿಂದ ಗುಣಿಸಿ. 70 ನಾಟ್ ವೇಗ, 12 ನಾಟ್ ಅಡ್ಡಗಾಳಿ ಎಂದರೆ ಸುಮಾರು 10 ಡಿಗ್ರಿ. ಗಸ್ಟ್‌ನಲ್ಲಿ ಅದು 18ಕ್ಕೂ ಏರುತ್ತದೆ, ರನ್‌ವೇ ವಿಂಡ್‌ಶೀಲ್ಡ್‌ನ ನಡುವಿನಲ್ಲಿ ಇರದೆ ಪಕ್ಕದಲ್ಲಿ ಕಾಣುತ್ತದೆ. ಗಾಬರಿಯಾಗಬೇಡಿ.

ಕ್ರ್ಯಾಬ್‌ನಲ್ಲೇ ನೆಲ ಮುಟ್ಟಿದರೆ ಚಕ್ರಗಳು ಉರುಳುವ ದಿಕ್ಕು ಒಂದು, ವಿಮಾನ ಹೋಗುವ ದಿಕ್ಕು ಇನ್ನೊಂದು; ಆ ಅಡ್ಡ ಹೊರೆ ಟೈರು, ಲ್ಯಾಂಡಿಂಗ್ ಗೇರ್‌ಗಳ ಮೇಲೆ ಬೀಳುತ್ತದೆ. (ಹೀಗೆ ಇಳಿಯಲೆಂದೇ ಮಾಡಿದ ವಿಮಾನವೂ ಇದೆ. 1937ರಲ್ಲಿ ಮೊದಲು ಹಾರಿದ ಎರ್ಕೂಪ್‌ನ ಮೂಲ ವಿನ್ಯಾಸದಲ್ಲಿ ರಡ್ಡರ್ ಪೆಡಲೇ ಇರಲಿಲ್ಲ. ಓರೆಯಾಗಿಯೇ ಮುಟ್ಟಿ, ಗಟ್ಟಿಮುಟ್ಟಾದ ಗೇರ್‌ನ ಮೇಲೆ ತಾನೇ ನೇರವಾಗುತ್ತಿತ್ತು. ನಿಮ್ಮ 172 ಎರ್ಕೂಪ್ ಅಲ್ಲ.) ಆದ್ದರಿಂದ ಮುಟ್ಟುವ ಮೊದಲು ಕ್ರ್ಯಾಬ್ ಬಿಟ್ಟು ಎರಡನೇ ವಿಧಾನಕ್ಕೆ, ಸೈಡ್‌ಸ್ಲಿಪ್‌ಗೆ ಬರಬೇಕು.

ಇದು ಲೇಖನದ ಹೃದಯ, ನಿಧಾನವಾಗಿ ಹೋಗೋಣ. ಗಾಳಿ ಎಡದಿಂದ ಬರುತ್ತಿದೆ ಎನ್ನಿ. ಮೊದಲು ಕಾಲು: ಬಲ ಪೆಡಲ್ ಒತ್ತುತ್ತ ಬನ್ನಿ, ಮೂಗು ಸೆಂಟರ್‌ಲೈನ್‌ಗೆ ಸಮಾನಾಂತರವಾಗುವತನಕ. ಒತ್ತುತ್ತಿದ್ದಂತೆ ವಿಮಾನ ಬಲಕ್ಕೆ ಸರಿಯಲು ತೊಡಗುತ್ತದೆ, ರೆಕ್ಕೆಯೂ ಬಲಕ್ಕೆ ವಾಲಲು ನೋಡುತ್ತದೆ. ಹಾಗಾಗಿ ಕಾಲಿನ ಜೊತೆಗೇ ಕೈ: ಯೋಕ್ ಎಡಕ್ಕೆ, ಎಡ ರೆಕ್ಕೆ ಗಾಳಿಯ ಕಡೆ ತಗ್ಗಲಿ. ತಗ್ಗಿದ ರೆಕ್ಕೆ ವಿಮಾನವನ್ನು ಗಾಳಿಯೆದುರಿಗೆ ಎಳೆಯುತ್ತದೆ. ಆ ಎಳೆತ ಗಾಳಿಯ ತಳ್ಳಾಟಕ್ಕೆ ಸಮವಾದಾಗ ವಿಮಾನ ಸೆಂಟರ್‌ಲೈನ್ ಮೇಲೆ, ಮೂಗು ನೆಟ್ಟಗೆ, ಒಂದು ರೆಕ್ಕೆ ತಗ್ಗಿಸಿಕೊಂಡು ಬರುತ್ತದೆ. ಇಲ್ಲಿಂದ ಮುಂದೆ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳಿ. ಸರಿಯುತ್ತಿದ್ದೇನೆಯೇ? ಉತ್ತರ ಕೈಯಲ್ಲಿ. ಮೂಗು ನೇರವಿದೆಯೇ? ಉತ್ತರ ಕಾಲಲ್ಲಿ. ಗಸ್ಟ್ ಎದ್ದು ಬಲಕ್ಕೆ ತಳ್ಳಿದರೆ ಎಡಕ್ಕೆ ಇನ್ನಷ್ಟು ಏಲಿರಾನ್, ಅದು ಮೂಗನ್ನು ಎಡಕ್ಕೆ ಎಳೆದರೆ ಇನ್ನಷ್ಟು ಬಲಗಾಲು. ಗಾಳಿ ತಗ್ಗಿ ವಿಮಾನ ಎಡಕ್ಕೆ ಸರಿಯತೊಡಗಿದರೆ ಎರಡನ್ನೂ ಸಡಿಲಿಸಿ. ಯೋಕನ್ನು ಒಂದೇ ಜಾಗದಲ್ಲಿ ಹಿಡಿದು ಕೂರುವುದು ಈ ಆಟದಲ್ಲಿ ಇಲ್ಲ.

ಸೈಡ್‌ಸ್ಲಿಪ್‌ಗೆ ಯಾವಾಗ ಬರಬೇಕು ಎಂಬುದರಲ್ಲಿ ಎರಡು ಪಂಗಡಗಳಿವೆ. ಕೆಲವರು ಫ್ಲೇರ್‌ನ (ಮುಟ್ಟುವ ಮುಂಚೆ ಮೂಗೆತ್ತುವ) ಹೊತ್ತಿನವರೆಗೂ ಕ್ರ್ಯಾಬ್‌ನಲ್ಲೇ ಬಂದು ಕೊನೆಯ ಕ್ಷಣ ನೇರ ಮಾಡುತ್ತಾರೆ. ಚೆನ್ನಾಗಿ ಬಂದರೆ ಸುಂದರ, ಆದರೆ ಒಂದು ಸೆಕೆಂಡ್ ಆಚೀಚೆಯಾದರೆ ಓರೆಯಾಗಿ ಮುಟ್ಟುತ್ತೀರಿ ಇಲ್ಲವೇ ಸರಿದುಹೋಗುತ್ತೀರಿ. ಹೊಸಬರಿಗೆ ನಾನು ಒತ್ತಿ ಹೇಳುವುದು 200–300 ಅಡಿಯಲ್ಲೇ ಸೈಡ್‌ಸ್ಲಿಪ್‌ಗೆ ಬನ್ನಿ ಎಂದು. ಅದರಲ್ಲಿ ಒಂದು ದೊಡ್ಡ ಲಾಭವಿದೆ: ಪರೀಕ್ಷೆ ಅಲ್ಲೇ ಆಗಿಬಿಡುತ್ತದೆ. ಬಲ ಪೆಡಲ್ ಪೂರ್ತಿ ಒತ್ತಿದರೂ ಮೂಗು ನೇರವಾಗಿ ನಿಲ್ಲದಿದ್ದರೆ ಈ ರನ್‌ವೇಗೆ ಈ ಗಾಳಿ ಹೆಚ್ಚು. ಯಾವ ಕೌಶಲವೂ ಇಲ್ಲದ ರಡ್ಡರನ್ನು ಹುಟ್ಟಿಸುವುದಿಲ್ಲ. ಅಲ್ಲಿಂದಲೇ ಮೇಲೇರಿ ಬೇರೆ ರನ್‌ವೇಗೆ ಹೋಗಿ. ಕೆಳಗೆ ಗಾಳಿ ಕಡಿಮೆಯಿರಬಹುದು, ನೆಲದ ಉಜ್ಜಾಟಕ್ಕೆ ಅದು ತಗ್ಗುವುದುಂಟು. ಆದರೆ ಆ ಆಸೆಯ ಮೇಲೆ ಇಳಿಯುವುದು ಜೂಜು.

ಸ್ಲಿಪ್‌ನಲ್ಲಿ ಎಳೆತ ಹೆಚ್ಚು, ಇಳಿಯುವ ವೇಗವೂ ಹೆಚ್ಚು, ಸ್ವಲ್ಪ ಥ್ರಾಟಲ್ ಸೇರಿಸಬೇಕು. ಸ್ಪೀಡ್ ಮುಳ್ಳನ್ನು ಪೂರ್ತಿ ನಂಬಬೇಡಿ: 172ರ ಸ್ಟ್ಯಾಟಿಕ್ ರಂಧ್ರ (ಹೊರಗಿನ ಗಾಳಿಯ ಒತ್ತಡವನ್ನು ಸ್ಪೀಡ್ ಮಾಪಕಕ್ಕೆ ಒಯ್ಯುವ ತೂತು) ಎಡಗಡೆ ಮೈಯಲ್ಲಿರುವುದರಿಂದ ಓರೆ ಹರಿವಿನಲ್ಲಿ ಅದರ ಓದು ತಪ್ಪುತ್ತದೆ. ಒಂದು ಟ್ಯಾಂಕ್ ಖಾಲಿಯಿದ್ದರೆ 172ಎಸ್‌ನಲ್ಲಿ ಸ್ಲಿಪ್‌ಗೆ 30 ಸೆಕೆಂಡ್‌ಗಳ ಮಿತಿಯಿದೆ.

ಅಭ್ಯಾಸಕ್ಕೆ ಒಳ್ಳೆಯ ಪಾಠ ಒಂದಿದೆ. ಉದ್ದ ರನ್‌ವೇ, ಸಮನಾದ 8–10 ನಾಟ್ ಅಡ್ಡಗಾಳಿ, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್. ಇಳಿಯದೆ, ಸ್ವಲ್ಪ ಥ್ರಾಟಲ್ ಇಟ್ಟು, ರನ್‌ವೇ ಮೇಲೆ ಕೆಲವು ಅಡಿ ಎತ್ತರದಲ್ಲಿ ಹಾರುತ್ತ ಹೋಗಿ. ಮೂಗನ್ನು ಕಾಲಿನಿಂದ ನೇರ ಹಿಡಿದಿಟ್ಟು, ಏಲಿರಾನ್‌ನಿಂದ ಮಾತ್ರ ವಿಮಾನವನ್ನು ಎಡ ಅಂಚಿಗೆ, ಮತ್ತೆ ಬಲ ಅಂಚಿಗೆ, ಮತ್ತೆ ನಡುವಿಗೆ ಸರಿಸಿ. ರನ್‌ವೇ ಕೊನೆ ಬರುವ ಮೊದಲೇ ಮೇಲೇರಿ. ಐದಾರು ಸಲ ಮಾಡಿದರೆ ಕೈಕಾಲುಗಳ ಕೆಲಸ ಬೇರೆಯಾಗುವುದು ಮೈಗೆ ಗೊತ್ತಾಗುತ್ತದೆ. ಇದರಷ್ಟು ಬೇಗ ಕಲಿಸುವ ಪಾಠ ಇನ್ನೊಂದನ್ನು ನಾನು ಕಾಣೆ.

ಗಸ್ಟ್‌ನಲ್ಲಿ ಫೈನಲ್ ಬರುವಾಗ ಮುಳ್ಳು ಐದಾರು ನಾಟ್ ಕುಣಿಯುತ್ತಲೇ ಇರುತ್ತದೆ. ಪ್ರತಿ ಕುಣಿತಕ್ಕೂ ಮೂಗು ಎತ್ತಿ ಇಳಿಸಿದರೆ ನೀವೇ ಎರಡನೇ ಗಾಳಿಯಾಗುತ್ತೀರಿ. ಮೂಗಿನ ಮಟ್ಟವನ್ನು ಸ್ಥಿರವಾಗಿ ಹಿಡಿದು ಮುಳ್ಳಿನ ಸರಾಸರಿ ನೋಡಿ. ಮುಳ್ಳು ಬಿದ್ದು ಅಲ್ಲೇ ನಿಂತರೆ, ಅಥವಾ ವಿಮಾನ ಕುಸಿದಂತೆ ಅನ್ನಿಸಿದರೆ, ತಡಮಾಡದೆ ಥ್ರಾಟಲ್ ಕೊಡಿ. ಸರಿಹೋದ ಕೂಡಲೇ ವಾಪಸ್ ತೆಗೆಯಿರಿ. ತೆಗೆಯುವುದನ್ನು ಮರೆತವರೇ ರನ್‌ವೇಯ ಅರ್ಧದವರೆಗೆ ತೇಲುವುದು. ಹ್ಯಾಂಗರ್ ಅಥವಾ ಮರಗಳ ಸಾಲು ಗಾಳಿ ಬರುವ ಕಡೆಗಿದ್ದರೆ ಅದರ ಹಿಂದೆ ಗಾಳಿ ಸುರುಳಿಯಾಗಿ ಒಡೆದಿರುತ್ತದೆ. ಅದು ಯಾವ ಜಾಗದಲ್ಲಿ ಎಂದು ಡೌನ್‌ವಿಂಡ್‌ನಲ್ಲೇ ಗುರುತಿಸಿಕೊಳ್ಳಿ, ಸಾಧ್ಯವಾದರೆ ಅದನ್ನು ದಾಟಿ ಮುಟ್ಟಿ.

ಕೊನೆಯ 50 ಅಡಿಯಲ್ಲಿ ವಿಂಡ್‌ಸಾಕ್ (ಗಾಳಿ ತೋರಿಸುವ ಬಟ್ಟೆಯ ಚೀಲ) ಕಡೆ ಒಂದು ನೋಟ. ಟವರ್ ಹೇಳಿದ ಗಾಳಿ ಹಿಂದಿನ ಕೆಲವು ನಿಮಿಷಗಳ ಸರಾಸರಿ. ವಿಂಡ್‌ಸಾಕ್ ಈ ಕ್ಷಣದ್ದು. 15 ನಾಟ್‌ಗೆ ಪೂರ್ತಿ ಚಾಚಿಕೊಳ್ಳುವ, ಐದು ಪಟ್ಟೆಗಳ ವಿಂಡ್‌ಸಾಕ್‌ನಲ್ಲಿ ಒಂದೊಂದು ಪಟ್ಟೆ ಸುಮಾರು 3 ನಾಟ್.

ಫ್ಲೇರ್‌ನಲ್ಲಿ ಕಣ್ಣು ರನ್‌ವೇಯ ದೂರದ ತುದಿಯಲ್ಲಿರಲಿ. ಮೂಗಿನ ಹತ್ತಿರದ ನೆಲ ನೋಡಿದರೆ ಎತ್ತರವೂ ತಿಳಿಯದು, ಸರಿಯುವುದೂ ತಿಳಿಯದು. ಶಾಂತ ದಿನದಂತೆ ಥ್ರಾಟಲನ್ನು ಒಮ್ಮೆಗೇ ಪೂರ್ತಿ ಎಳೆಯಬೇಡಿ, ನೆಲ ಹತ್ತಿರವಾಗುತ್ತಿದ್ದಂತೆ ನಿಧಾನವಾಗಿ ತೆಗೆಯಿರಿ. ವೇಗ ಇಳಿಯುತ್ತಿದ್ದಂತೆ ಏಲಿರಾನ್, ರಡ್ಡರ್ ಎರಡೂ ಬಲಹೀನವಾಗುತ್ತವೆ, ಅದೇ ಪರಿಣಾಮಕ್ಕೆ ಇನ್ನೂ ಹೆಚ್ಚು ತಿರುಗಿಸಬೇಕು, ಒತ್ತಬೇಕು. ಹಲವರು ಇಲ್ಲಿ ಉಲ್ಟಾ ಮಾಡುತ್ತಾರೆ. ನೆಲ ಹತ್ತಿರ ಬಂದಿತೆಂದು ರೆಕ್ಕೆಗಳನ್ನು ಸಮ ಮಾಡಿಬಿಡುತ್ತಾರೆ, ಒಂದು ಚಕ್ರದ ಮೇಲೆ ಇಳಿಯುವುದು ತಪ್ಪೆಂಬಂತೆ. ಸಮ ಮಾಡಿದ ಕ್ಷಣ ವಿಮಾನ ಪಕ್ಕಕ್ಕೆ ಸರಿಯುತ್ತದೆ. ಎಡಗಾಳಿಯಲ್ಲಿ ಎಡ ಚಕ್ರ ಮೊದಲು ಮುಟ್ಟುವುದೇ ಸರಿಯಾದ ಲ್ಯಾಂಡಿಂಗ್. ಆಮೇಲೆ ಬಲ ಚಕ್ರ, ಕೊನೆಗೆ ಮೂಗಿನದು. ಮೆತ್ತಗೆ ಮುಟ್ಟಿಸುವ ಆಸೆಯನ್ನು ಈ ದಿನದ ಮಟ್ಟಿಗೆ ಬಿಡಿ. ಗಟ್ಟಿಯಾಗಿ, ನೇರವಾಗಿ ಮುಟ್ಟಿದರೆ ಚಕ್ರಗಳ ಮೇಲೆ ಭಾರ ಬೇಗ ಬೀಳುತ್ತದೆ. ಹಾಗೆಂದು ಯೋಕ್ ಮುಂದಕ್ಕೆ ತಳ್ಳಿ ವಿಮಾನವನ್ನು ನೆಲಕ್ಕೆ ಒತ್ತಲೂಬಾರದು. ಮೂಗಿನ ಚಕ್ರ ಮೊದಲು ಮುಟ್ಟಿ ಅದರ ಮೇಲೇ ಭಾರ ಬಿದ್ದರೆ ವಿಮಾನ ತಳ್ಳುಗಾಡಿಯ ಹಾಗೆ ಆ ಚಕ್ರದ ಸುತ್ತ ತಿರುಗುತ್ತದೆ, ಇಲ್ಲವೇ ಪುಟಿದು ಒಂದರ ಹಿಂದೊಂದು ಜಿಗಿತ ಹಾಕುತ್ತದೆ. ಮೂರನೇ ಜಿಗಿತಕ್ಕೆ ಪ್ರೊಪೆಲ್ಲರ್ ನೆಲ ಬಡಿಯಬಹುದು.

ಗೋ-ಅರೌಂಡ್ ಬಗ್ಗೆ ಇಲ್ಲೇ ಹೇಳಬೇಕು. ಪುಟಿದರೆ, ಗಸ್ಟ್ ಎತ್ತಿ ಮೇಲೆ ಹಾಕಿದರೆ, ಮೂಗು ನೇರವಾಗದೇ ಹೋದರೆ, ಸೆಂಟರ್‌ಲೈನ್ ಕೈತಪ್ಪಿದರೆ, ಥ್ರಾಟಲ್ ಪೂರ್ತಿ. ಎಂಜಿನ್ ಮೂಗನ್ನು ಎಡಕ್ಕೆ ಎಳೆಯುತ್ತದೆ, ಗಾಳಿಯೂ ಎಡದಿಂದಿದ್ದರೆ ಎರಡೂ ಒಂದೇ ಕಡೆ ಕೂಡಿಕೊಳ್ಳುತ್ತವೆ, ಬಲಗಾಲು ಸಿದ್ಧವಿರಲಿ. ಮೂಗನ್ನು ಏರುವ ಮಟ್ಟದಲ್ಲಿ ಹಿಡಿಯಿರಿ, ಮೇಲಕ್ಕೆ ಕೀಳಬೇಡಿ. 172ರಲ್ಲಿ ಪೂರ್ತಿ ಫ್ಲ್ಯಾಪ್ ಇದ್ದರೆ ಕೂಡಲೇ 20ಕ್ಕೆ, ಉಳಿದದ್ದು ವೇಗ ಬಂದು ಏರತೊಡಗಿದ ಮೇಲೆ ಹಂತಹಂತವಾಗಿ. ಚಕ್ರ ನೆಲ ಬಿಟ್ಟು ಎತ್ತರ ಸಿಕ್ಕ ಮೇಲೆ ಸ್ಲಿಪ್ ಬಿಟ್ಟು ಕ್ರ್ಯಾಬ್‌ಗೆ ಮರಳಿ. ಎರಡು ಸಲ ಹೀಗಾದರೆ ಮೂರನೆಯದು ಬೇರೆ ಏರ್‌ಫೀಲ್ಡಿನಲ್ಲಿ.

ಚಕ್ರ ಮುಟ್ಟಿತು ಎಂದು ಹಾರಾಟ ಮುಗಿಯುವುದಿಲ್ಲ. ವಿಮಾನದ ಪಕ್ಕದ ಮೈ ಹೆಚ್ಚಾಗಿ ಮುಖ್ಯ ಚಕ್ರಗಳ ಹಿಂದಿರುತ್ತದೆ, ಬಾಲದ ರೆಕ್ಕೆಯೂ ಅಲ್ಲೇ. ಗಾಳಿ ಅದನ್ನು ತಳ್ಳಿದರೆ ಮೂಗು ಗಾಳಿಕೋಳಿಯ ಹಾಗೆ ಗಾಳಿಯೆದುರಿಗೆ ತಿರುಗುತ್ತದೆ. ಕಾಲು ಅದನ್ನು ತಡೆಯುತ್ತಲೇ ಇರಬೇಕು. ಕೈ ಯೋಕನ್ನು ಗಾಳಿಯ ಕಡೆಗೆ ಇನ್ನಷ್ಟು ತಿರುಗಿಸುತ್ತ ಹೋಗಬೇಕು: ವೇಗ ತಗ್ಗಿದಷ್ಟೂ ಹೆಚ್ಚು, ಓಟದ ಕೊನೆಗೆ ಪೂರ್ತಿ. ಮುಟ್ಟಿದ ಕೂಡಲೇ ಯೋಕ್ ನಡುವಿಗೆ ಬಿಡುವುದು ಅತಿ ಸಾಮಾನ್ಯವಾದ ತಪ್ಪು. ಮುಂದಿನ ಗಸ್ಟ್ ಗಾಳಿಯ ಕಡೆಯ ರೆಕ್ಕೆಯನ್ನು ಎತ್ತುತ್ತದೆ, ವಿಮಾನ ಒಂದು ಚಕ್ರದ ಮೇಲೆ ನಿಂತು ಹುಲ್ಲಿನತ್ತ ಓಡುತ್ತದೆ.

ಮೂಗಿನ ಚಕ್ರದಲ್ಲಿ ಇನ್ನೊಂದು ಗುಟ್ಟಿದೆ. ಹೆಚ್ಚಿನ ಪುಟ್ಟ ವಿಮಾನಗಳಲ್ಲಿ ಅದನ್ನು ತಿರುಗಿಸುವುದೂ ರಡ್ಡರ್ ಪೆಡಲ್‌ಗಳೇ. ವಾರಿಯರ್‌ನಲ್ಲಿ ಜೋಡಣೆ ನೇರ: ಬಲ ಪೆಡಲ್ ಒತ್ತಿದ್ದರೆ ಗಾಳಿಯಲ್ಲಿರುವಾಗಲೂ ಚಕ್ರ ಬಲಕ್ಕೆ ತಿರುಗಿರುತ್ತದೆ. ಹಾಗೇ ನೆಲ ಮುಟ್ಟಿದರೆ ವಿಮಾನ ಬಲಕ್ಕೆ ನುಗ್ಗುತ್ತದೆ. ಅದಕ್ಕೇ ಮೂಗಿನ ಚಕ್ರ ಮುಟ್ಟುವ ಕ್ಷಣಕ್ಕೆ ಸರಿಯಾಗಿ ಪೆಡಲ್ ಸಡಿಲಿಸಬೇಕು, ಮುಟ್ಟಿದ ಮೇಲೆ ಬೇಕಾದಷ್ಟು ಮತ್ತೆ ಒತ್ತಬೇಕು. ಸೆಸ್ನಾದಲ್ಲಿ ಸ್ಟ್ರಟ್ (ಮೂಗಿನ ಚಕ್ರದ, ಆಘಾತ ಹೀರುವ ಕಂಬ) ಪೂರ್ತಿ ಚಾಚಿಕೊಂಡಾಗ ಚಕ್ರ ತಾನೇ ನೇರ ನಿಲ್ಲುವುದರಿಂದ ಈ ಜಗ್ಗಾಟ ಕಡಿಮೆ. ಒಂದರಿಂದ ಇನ್ನೊಂದಕ್ಕೆ ಬದಲಾದವರು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಬ್ರೇಕ್ ತಡವಾಗಿ, ಹಗುರವಾಗಿ. ರೆಕ್ಕೆ ಇನ್ನೂ ಎತ್ತಿಹಿಡಿದಿರುವಾಗ ಗಟ್ಟಿಯಾಗಿ ಒತ್ತಿದರೆ ಭಾರವಿಲ್ಲದ ಚಕ್ರ ಲಾಕ್ ಆಗಿ ಟೈರ್ ಸವೆಯುತ್ತದೆ. ರನ್‌ವೇ ಮೇಲೆ ನೀರು ನಿಂತಿದ್ದರೆ ಅಡ್ಡಗಾಳಿಯ ಮಿತಿಯನ್ನು ಗಣನೀಯವಾಗಿ ಇಳಿಸಿ. ಟೈರ್ ನೀರಿನ ಮೇಲೆ ತೇಲುವ ವೇಗ, ನಾಟ್‌ಗಳಲ್ಲಿ, ಟೈರ್ ಒತ್ತಡದ (ಪಿಎಸ್‌ಐ, ಅಂದರೆ ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) ವರ್ಗಮೂಲದ ಸುಮಾರು 9 ಪಟ್ಟು. 172ಎಸ್‌ನ ಮುಖ್ಯ ಟೈರುಗಳ ಒತ್ತಡ 42 ಪಿಎಸ್‌ಐ, ಉತ್ತರ ಸುಮಾರು 58 ನಾಟ್. ಗಸ್ಟ್‌ಗೆಂದು ವೇಗ ಸೇರಿಸಿಕೊಂಡು ಬಂದವರು ಮುಟ್ಟುವುದು ಹೆಚ್ಚುಕಡಿಮೆ ಅದೇ ವೇಗದಲ್ಲಿ, ಆಗ ಪಕ್ಕಕ್ಕೆ ಜಾರುವುದನ್ನು ತಡೆಯಲು ಟೈರಿಗೆ ಹಿಡಿತವೇ ಇರುವುದಿಲ್ಲ.

ರನ್‌ವೇ ಬಿಟ್ಟ ಮೇಲೆ ನಿಂತು ಫ್ಲ್ಯಾಪ್ ಎತ್ತಿ. ಓಟದ ನಡುವೆ ಲಿವರ್‌ಗಾಗಿ ತಡಕಾಡಬೇಡಿ. ಚಕ್ರ ಮಡಚುವ ವಿಮಾನಗಳಲ್ಲಿ ಆ ಗಡಿಬಿಡಿಯಲ್ಲಿ ಗೇರ್ ಲಿವರ್ ಎಳೆದವರಿದ್ದಾರೆ. ಟ್ಯಾಕ್ಸಿಯಲ್ಲೂ ಯೋಕ್‌ಗೆ ಕೆಲಸವಿದೆ. ಗಾಳಿ ಮುಂದಿನ ಎಡದಿಂದ ಬರುತ್ತಿದ್ದರೆ ಯೋಕ್ ಎಡಕ್ಕೆ, ಎಲಿವೇಟರ್ ನಡುವಿನಲ್ಲಿ. ಹಿಂದಿನ ಎಡದಿಂದಾದರೆ ಯೋಕ್ ಬಲಕ್ಕೆ ಮತ್ತು ಮುಂದಕ್ಕೆ, ಗಾಳಿಯಿಂದ ದೂರಕ್ಕೆ ಧುಮುಕುವಂತೆ. ಈ ಎರಡನೆಯದು ಹೆಚ್ಚು ಅಪಾಯದ್ದು: ಮೇಲುರೆಕ್ಕೆಯ ವಿಮಾನದ ಬಾಲದಡಿ ಹಿಂಬದಿ ಗಾಳಿ ನುಗ್ಗಿದರೆ, ಅದೇ ಹೊತ್ತಿಗೆ ಬ್ರೇಕ್ ಹಾಕಿ ತಿರುಗಿಸಿದರೆ, ರೆಕ್ಕೆ ಎದ್ದು ಮಗುಚುವ ಸಾಧ್ಯತೆಯಿದೆ. ನಡೆಯುವ ವೇಗಕ್ಕಿಂತ ಹೆಚ್ಚು ಬೇಡ. ತಂಗುವ ಜಾಗದಲ್ಲಿ ಆದಷ್ಟು ಮೂಗನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕಂಟ್ರೋಲ್ ಲಾಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ರೆಕ್ಕೆಗಳ ಮತ್ತು ಬಾಲದ ಹಗ್ಗ ಬಿಗಿಯಿರಿ. ಅಲ್ಲಿಯತನಕ ಯೋಕ್‌ನಿಂದ ಕೈ ತೆಗೆಯಬೇಡಿ.